ಸೌದೆಯಿಂದ ಬಂದ ದುಂಬಿ ಹೊಸ ಜಾತಿಯೇ? ಮೊದಲು ಮುಖ ನೋಡಿ, ಬಣ್ಣ ಆಮೇಲೆ

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮೂರು ಮಧುಗಿರಿ ಹತ್ತಿರ. ಹೊಲದ ಬದುವಿನಲ್ಲಿ ಒಣಗಿದ್ದ ಜಾಲಿ ಕೊಂಬೆಗಳನ್ನು ಕಡಿದು ಸೌದೆಗೆ ಅಂತ ಹಿತ್ತಿಲಲ್ಲಿ ಒಟ್ಟಿದ್ದೆವು. ಮಳೆ ಶುರುವಾದ ಮೇಲೆ ಅದರಿಂದ ಉದ್ದ ಮೀಸೆಯ ದುಂಬಿಗಳು ಹೊರಬಂದವು. ಐದನ್ನು ಹಿಡಿದಿಟ್ಟಿದ್ದೇನೆ. ಸುಮಾರು 11 ಮಿ.ಮೀ. ಉದ್ದ, ಬೂದು ಬೆರೆತ ಕಂದು ಬಣ್ಣ, ರೆಕ್ಕೆಯ ಹಿಂಭಾಗದಲ್ಲಿ ಬಿಳಿ ಪಟ್ಟೆ. ಮೊಬೈಲ್ ಆ್ಯಪ್ ಪ್ರತಿ ಸಲವೂ ಬೇರೆ ಬೇರೆ ಹೆಸರು ಹೇಳುತ್ತದೆ. ಇದು ಹೊಸ ಜಾತಿ ಇರಬಹುದಾ? ಇದ್ದರೆ ಅದರ ದೇಹರಚನೆಯನ್ನು ವರ್ಣಿಸುವುದು ಹೇಗೆ? ಒಳ್ಳೆಯ ಫೋಟೋ ಇದ್ದರೆ ಸಾಲದಾ?

ಉತ್ತರ: ಇರಬಹುದು. ಉದ್ದ ಮೀಸೆಯ ದುಂಬಿಗಳ ಕುಟುಂಬ, ಅಂದರೆ ಸೆರಾಂಬಿಸಿಡೇ, ತುಂಬ ದೊಡ್ಡದು. ಜಗತ್ತಿನಲ್ಲಿ ಹೆಸರಿಟ್ಟಿರುವ ಜಾತಿಗಳೇ 35 ಸಾವಿರ ದಾಟಿವೆ. ಹೊಸದು ಹುಡುಕುವವರು ಸಾಮಾನ್ಯವಾಗಿ ಪಶ್ಚಿಮ ಘಟ್ಟದ ಕಡೆ ಹೊರಡುತ್ತಾರೆ. ಮಧುಗಿರಿ, ಪಾವಗಡದ ಜಾಲಿ ಪೊದೆಗೆ ಕೈ ಹಾಕುವವರು ಕಡಿಮೆ. ಆದರೆ ನಿಮಗೆ ಹೆಸರು ಸಿಗಲಿಲ್ಲ ಅನ್ನುವುದು ಒಂದು, ಅದಕ್ಕೆ ಹೆಸರೇ ಇಲ್ಲ ಅನ್ನುವುದು ಇನ್ನೊಂದು. ಬಹಳ ಸಲ ಹೆಸರು ಇದ್ದೇ ಇರುತ್ತದೆ. ಯಾವುದೋ ಹಳೆಯ ಫ್ರೆಂಚ್ ಅಥವಾ ಜರ್ಮನ್ ಲೇಖನದೊಳಗೆ, ಚಿತ್ರವಿಲ್ಲದೆ, ನಾಲ್ಕು ಸಾಲಿನಲ್ಲಿ ಅಡಗಿ ಕೂತಿರುತ್ತದೆ.

ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಜಾತಿಯನ್ನು ವರ್ಣಿಸುವುದು ಅಂದರೆ ಕೈಯಲ್ಲಿರುವ ದುಂಬಿ ಹೇಗಿದೆ ಅಂತ ಬರೆದು ಮುಗಿಸುವ ಕೆಲಸವಲ್ಲ. ಅದನ್ನು ಹತ್ತಿರದ ನೆಂಟರ ಪಕ್ಕ ಕೂರಿಸಿ, ಎಲ್ಲಿ ಬೇರೆ, ಎಷ್ಟು ಬೇರೆ ಅಂತ ತೋರಿಸಬೇಕು. ನಿಮ್ಮ ದುಂಬಿಯನ್ನು ಎಂದೂ ನೋಡದ ಒಬ್ಬರು ಅಸ್ಸಾಮಿನಲ್ಲೋ ಶ್ರೀಲಂಕಾದಲ್ಲೋ ಕೂತು ನಿಮ್ಮ ಬರಹ ಓದುತ್ತಾರೆ. ಅವರ ಕೈಯಲ್ಲಿರುವುದು ಇದೇ ಜಾತಿಯೋ ಅಲ್ಲವೋ ಅಂತ ಅವರು ತೀರ್ಮಾನ ಮಾಡಬೇಕು. ಅವರಿಗೆ ಉಪಯೋಗಕ್ಕೆ ಬಾರದ ಸಾಲು ಎಷ್ಟೇ ಚೆನ್ನಾಗಿದ್ದರೂ ದಂಡ.

ಫೋಟೋ ಸಾಲದಾ ಅಂದಿರಿ. ಸಾಲದು. ಈ ಗುಂಪಿನಲ್ಲಿ ಬಣ್ಣವನ್ನು ನಂಬಿ ಕೆಟ್ಟವರು ಜಾಸ್ತಿ. ನಿಮ್ಮ ದುಂಬಿಯ ಬಿಳಿ ಪಟ್ಟೆಯನ್ನು ಲೆನ್ಸಿನಲ್ಲಿ ನೋಡಿ. ಬಹುಶಃ ಅದು ಕವಚದ ಬಣ್ಣ ಅಲ್ಲ, ಮೈಗೆ ಅಂಟಿಕೊಂಡು ಮಲಗಿರುವ ಸಣ್ಣ ಬಿಳಿ ಕೂದಲುಗಳ ಸಾಲು. ಕೂದಲು ಉದುರುತ್ತದೆ. ತೊಗಟೆಗೆ ಉಜ್ಜಿದರೆ ಉದುರುತ್ತದೆ, ಡಬ್ಬಿಯಲ್ಲಿ ಓಡಾಡಿದರೆ ಉದುರುತ್ತದೆ, ನಿಮ್ಮ ಬೆರಳು ತಾಗಿದರೂ ಉದುರುತ್ತದೆ. ನಿನ್ನೆ ಹೊರಬಂದ ದುಂಬಿ ಮತ್ತು ಅದೇ ಕೊಂಬೆಯಿಂದ ಬಂದು ಮೂರು ವಾರ ತಿರುಗಾಡಿದ ದುಂಬಿಯನ್ನು ಅಕ್ಕಪಕ್ಕ ಇಟ್ಟರೆ ಎರಡು ಜಾತಿ ಅಂತಲೇ ಅನಿಸುತ್ತದೆ. ಆ್ಯಪ್ ನೋಡುವುದು ಈ ಪಟ್ಟೆ, ಮಚ್ಚೆಗಳನ್ನೇ. ಅದು ದಿನಕ್ಕೊಂದು ಹೆಸರು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಈ 11 ಮಿ.ಮೀ. ದುಂಬಿಗೆ ಕೈ ಹಾಕುವ ಮುಂಚೆ ಒಂದು ದೊಡ್ಡ ದುಂಬಿಯ ಮೇಲೆ ಕೈ ಪಳಗಿಸಿಕೊಳ್ಳಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಯಾರಾದರೂ ಪರಿಚಯ ಇದ್ದರೆ ಮಾವಿನ ಕಾಂಡ ಕೊರೆಯುವ ದುಂಬಿ ಬೇಕು ಅಂತ ಹೇಳಿ. ಕೇಳಿದವರಿಗೆ ನಗು ಬರಬಹುದು. ಅವರು ತಂತಿ ಹಾಕಿ ಹುಳುವನ್ನು ರಂಧ್ರದಿಂದ ಎಳೆದು ಸಾಯಿಸುವುದರಲ್ಲೇ ಸುಸ್ತಾಗಿರುತ್ತಾರೆ. ಅದರ ಹೆಸರು ಬ್ಯಾಟೋಸೆರಾ ರೂಫೋಮ್ಯಾಕುಲೇಟಾ. ದೆ ಗೀರ್ ಎಂಬ ಸ್ವೀಡನ್ನಿನ ವಿಜ್ಞಾನಿ 1775ರಲ್ಲಿ ವರ್ಣಿಸಿದ ಜಾತಿ. ದೊಡ್ಡದಾದರೆ ಎರಡು ಇಂಚು ಬರುತ್ತದೆ. ಹತ್ತು ಪಟ್ಟಿನ ಕೈ ಲೆನ್ಸ್ ಇದ್ದರೂ ಸಾಕು, ಪುಸ್ತಕದಲ್ಲಿ ಓದಿದ್ದೆಲ್ಲ ಎದುರಿಗೆ ಕಾಣುತ್ತದೆ.

ಅದನ್ನು ಪಕ್ಕದಿಂದ ನೋಡಿ. ಮುಖ ನೇರವಾಗಿ ಕೆಳಕ್ಕೆ ಇಳಿದಿದೆ, ಬಾಯಿ ನೆಲದ ಕಡೆಗಿದೆ. ಮೀಸೆ ಹುಟ್ಟುವ ಜಾಗದಲ್ಲಿ ಎರಡು ದಿಬ್ಬಗಳಿವೆ. ಕಣ್ಣು ಗುಂಡಗಿಲ್ಲ. ಒಳಬದಿಯಲ್ಲಿ ಆಳವಾದ ಕಚ್ಚು ಇದ್ದು ಮೀಸೆಯ ಬುಡವನ್ನು ಸುತ್ತುವರಿದಿದೆ. ಹಾಗಾಗಿ ಕಣ್ಣಿಗೆ ಮೇಲೊಂದು ಸಣ್ಣ ಹಾಲೆ, ಕೆಳಗೊಂದು ದೊಡ್ಡ ಹಾಲೆ. ಕೆಲವು ಜಾತಿಗಳಲ್ಲಿ ಈ ಕಚ್ಚು ಎಷ್ಟು ಆಳ ಅಂದರೆ ಕಣ್ಣು ಪೂರ್ತಿ ಎರಡಾಗಿ, ಒಂದೊಂದು ಕಡೆ ಎರಡೆರಡು ಕಣ್ಣು ಇದ್ದ ಹಾಗೆ ಕಾಣುತ್ತದೆ. ಮೀಸೆಯ ಮೊದಲ ಖಂಡ ದಪ್ಪ. ಅದರ ತುದಿಯಲ್ಲಿ ಅಂಚು ಕಟ್ಟಿದ ಒಂದು ಒರಟು ಜಾಗ ಇದೆ, ಹುಡುಕಿ. ಸಿಕಾಟ್ರಿಕ್ಸ್ ಅಂತ ಕರೆಯುತ್ತಾರೆ. ಅದು ಇದೆಯೋ ಇಲ್ಲವೋ, ಇದ್ದರೆ ಅಂಚು ಪೂರ್ತಿ ಇದೆಯೋ ಅರ್ಧವೋ ಅನ್ನುವುದರ ಮೇಲೆ ಎಷ್ಟೋ ಕುಲಗಳನ್ನು ಬೇರ್ಪಡಿಸುತ್ತಾರೆ. ಕುತ್ತಿಗೆಯ ಹಿಂದಿನ ಕವಚಕ್ಕೆ, ಅಂದರೆ ಪ್ರೊನೋಟಮ್‌ಗೆ, ಎರಡೂ ಪಕ್ಕದಲ್ಲಿ ಮುಳ್ಳು. ಅದರ ಮೇಲೆ ಎರಡು ಕಿತ್ತಳೆ ಮಚ್ಚೆ. ಗಟ್ಟಿ ಮೇಲ್ರೆಕ್ಕೆಗಳ ಬುಡದಲ್ಲಿ ರಾಗಿ ಕಾಳು ಅಂಟಿಸಿದ ಹಾಗೆ ಹೊಳೆಯುವ ಕಪ್ಪು ಗುಳ್ಳೆಗಳು.

ಜೀವಂತ ಸಿಕ್ಕರೆ ಎರಡು ಪಕ್ಕ ಹಿಡಿದು ಕಿವಿಯ ಹತ್ತಿರ ತನ್ನಿ. ಬೆರಳನ್ನು ಬಾಯಿಂದ ದೂರ ಇಡಿ, ದವಡೆ ಜೋರಾಗಿದೆ. ಕುತ್ತಿಗೆ ಮೇಲೆ ಕೆಳಗೆ ಆಡಿಸುತ್ತಾ ಕಿರ್ ಕಿರ್ ಅನ್ನುತ್ತದೆ. ಶಬ್ದ ಬಾಯಿಂದ ಬರುವುದಲ್ಲ. ಎರಡನೇ ಎದೆಖಂಡದ ಮೇಲೆ ಬಹಳ ಸಣ್ಣ ಗೆರೆಗಳಿರುವ ಒಂದು ಅರದಂಥ ಪಟ್ಟಿ ಇದೆ. ಪ್ರೊನೋಟಮ್‌ನ ಹಿಂದಿನ ಅಂಚು ಅದರ ಮೇಲೆ ಉಜ್ಜಿದಾಗ ಬರುವ ಶಬ್ದ ಅದು. ಸತ್ತ ದುಂಬಿಯಲ್ಲೂ ಪ್ರೊನೋಟಮ್ಮನ್ನು ಮುಂದಕ್ಕೆ ಬಗ್ಗಿಸಿದರೆ ಆ ಗೆರೆಗಳು ಕಾಣುತ್ತವೆ.

ಇನ್ನು ಕಾಲು. ಪಾದದ ಖಂಡಗಳನ್ನು ಎಣಿಸಿ ನೋಡಿ, ನಾಲ್ಕು ಅನ್ನುತ್ತೀರಿ. ನಿಜಕ್ಕೂ ಐದು. ಮೂರನೆಯದು ಎರಡು ಅಗಲ ಹಾಲೆಗಳಾಗಿ ಸೀಳಿದೆ. ನಾಲ್ಕನೆಯದು ತೀರಾ ಚಿಕ್ಕದು, ಆ ಹಾಲೆಗಳ ನಡುವೆ, ಕೊನೆಯ ಖಂಡದ ಬುಡದಲ್ಲಿ ಅಡಗಿದೆ. ಸೂಜಿ ತುದಿಯಿಂದ ಹಾಲೆ ಸರಿಸಿದರೆ ಸಿಗುತ್ತದೆ. ಎಲೆ ತಿನ್ನುವ ದುಂಬಿಗಳ ಪಾದವೂ ಹೀಗೇ ಇರುತ್ತದೆ, ಆದ್ದರಿಂದ ಪಾದ ಒಂದನ್ನೇ ನೋಡಿ ಉದ್ದ ಮೀಸೆಯ ದುಂಬಿ ಅಂತ ಹೇಳಲಾಗದು. ಮೀಸೆಯ ಬುಡದ ದಿಬ್ಬ, ಕಚ್ಚು ಬಿದ್ದ ಕಣ್ಣು, ಪಾದ ಮೂರನ್ನೂ ಒಟ್ಟಿಗೆ ನೋಡಬೇಕು. ಮೀಸೆಯ ಉದ್ದ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಈ ಕುಟುಂಬದಲ್ಲೇ ಮೋಟು ಮೀಸೆಯವು ಬೇಕಾದಷ್ಟಿವೆ.

ಈಗ ನಿಮ್ಮ ದುಂಬಿಗೆ ಬನ್ನಿ. ಮೊದಲು ಉಪಕುಟುಂಬ ಗೊತ್ತಾಗಬೇಕು. ಮುಖ ನೇರ ಕೆಳಕ್ಕೆ ಇಳಿದಿದ್ದು, ಬಾಯಿಯ ಪಕ್ಕದ ಸಣ್ಣ ಪ್ಯಾಲ್ಪ್‌ಗಳ ಕೊನೆಯ ಖಂಡ ಚೂಪಾಗಿದ್ದು, ಮುಂಗಾಲಿನ ಟಿಬಿಯಾದ, ಅಂದರೆ ಪಾದದ ಮೇಲಿನ ಖಂಡದ, ಒಳಬದಿಯಲ್ಲಿ ಓರೆಯಾದ ತೋಡು ಇದ್ದರೆ ಅದು ಲೇಮಿಯಿನೇ. ಆ ತೋಡಿನಲ್ಲಿ ಮೀಸೆ ಎಳೆದು ಒರೆಸಿಕೊಳ್ಳುತ್ತವೆ. ಮುಖ ಮುಂದಕ್ಕೆ ಚಾಚಿ, ಪ್ಯಾಲ್ಪ್ ತುದಿ ಮೊಂಡಾಗಿದ್ದರೆ ಸೆರಾಂಬಿಸಿನೇ ಇರಬಹುದು. ಒಣಮರ ಕೊರೆಯುವ ಸ್ಟ್ರೊಮೇಷಿಯಂ ಬಾರ್ಬೇಟಂ ಆ ಗುಂಪಿನದು. ಸೌದೆ, ತೊಲೆ, ಕುರ್ಚಿ ಯಾವುದನ್ನೂ ಬಿಡುವುದಿಲ್ಲ. ಪ್ರೊನೋಟಮ್‌ನ ಪಕ್ಕದಲ್ಲಿ ಹರಿತವಾದ ಅಂಚು, ಅದರ ಮೇಲೆ ಹಲ್ಲು ಅಥವಾ ಮುಳ್ಳು ಇದ್ದರೆ ಪ್ರಿಯೋನಿನೇ. ಅವು ಸಾಮಾನ್ಯವಾಗಿ ದೊಡ್ಡವು, ಎದೆಯ ಮೇಲೆ ಆ ಅರ ಇರುವುದಿಲ್ಲ.

ನಿಮ್ಮ ವಿವರ ನೋಡಿದರೆ ಲೇಮಿಯಿನೇ ಅನಿಸುತ್ತದೆ. ಹಾಗಿದ್ದರೆ ಕಷ್ಟವೂ ಅಲ್ಲೇ ಇದೆ. ನಮ್ಮಲ್ಲಿ ಎಲ್ಲರೂ ಮೊದಲು ತೆರೆಯುವುದು ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಮಾಲೆಯಲ್ಲಿ ಗಹಾನ್ 1906ರಲ್ಲಿ ಬರೆದ ಸಂಪುಟವನ್ನು. ಅದರಲ್ಲಿ ಲೇಮಿಯಿನೇ ಇಲ್ಲ. ಅಷ್ಟು ದೊಡ್ಡ ಉಪಕುಟುಂಬ ಅದರ ಹೊರಗೇ ಉಳಿಯಿತು. ಆಮೇಲೆ ಬ್ರೂನಿಂಗ್ ಎಂಬವರು ಇಪ್ಪತ್ತನೇ ಶತಮಾನದಲ್ಲಿ ಲೇಮಿಯಿನೇಗಳಿಗೆ ಸಾವಿರಾರು ಹೆಸರು ಇಟ್ಟರು. ವರ್ಣನೆಗಳಲ್ಲಿ ಎಷ್ಟೋ ತೀರಾ ಚಿಕ್ಕವು, ಹೆಚ್ಚಿನಂಶ ಬಣ್ಣ, ಮಚ್ಚೆಗಳ ಮಾತು. ಟೆರೋಲೋಫಿಯಾ ಅನ್ನುವ ಒಂದೇ ಕುಲದಲ್ಲಿ ಏಷ್ಯಾದ ಉದ್ದಗಲಕ್ಕೂ ನೂರಾರು ಜಾತಿಗಳಿವೆ. ಬಹುತೇಕ ಎಲ್ಲವೂ ಸಣ್ಣವು, ಕಂದು, ಬೂದು, ರೆಕ್ಕೆಯ ಹಿಂಭಾಗದಲ್ಲಿ ಬಿಳಿ ತೇಪೆ. ನಿಮ್ಮದೂ ಅಲ್ಲಿಯದೇ ಆಗಿದ್ದರೆ ಇಡೀ ವರ್ಷ ಅದರ ಹಿಂದೆಯೇ ಹೋದರೂ ಹೋಯಿತು. ಹೆದರಿಸುತ್ತಿಲ್ಲ, ಸುಮ್ನೆ ಮುಂಚೆಯೇ ತಿಳಿಸುತ್ತಿದ್ದೇನೆ.

ಬರೆಯುವ ಕೆಲಸ ಅಳತೆಯಿಂದ ಶುರುವಾಗಲಿ. ಕಾಲೇಜಿನ ಸ್ಟೀರಿಯೋ ಮೈಕ್ರೋಸ್ಕೋಪಿನ ಕಣ್ಣುಗಾಜಿನೊಳಗೆ ಹಾಕುವ ಅಳತೆಪಟ್ಟಿ ಸಿಗುತ್ತದೆ, ಅದು ಬೇಕೇ ಬೇಕು. ತಲೆಯ ಮುಂಭಾಗದಿಂದ ಮೇಲ್ರೆಕ್ಕೆಯ ತುದಿಯವರೆಗೆ ದೇಹದ ಉದ್ದ. ರೆಕ್ಕೆಯ ಭುಜದ ಹತ್ತಿರ ಅಗಲ. ಪ್ರೊನೋಟಮ್‌ನ ಉದ್ದ, ಅಗಲ. ಮೀಸೆಯ ಪ್ರತಿ ಖಂಡದ ಉದ್ದ, ಐದೂ ದುಂಬಿಗಳಲ್ಲಿ. ಬೇಜಾರಿನ ಕೆಲಸ, ಆದರೂ ಮಾಡಿ. ಮಿಲಿಮೀಟರ್ ಬರೀ ಒಂದು ಲೆಕ್ಕ, ಅನುಪಾತವೇ ಮುಖ್ಯ. ಈ ದುಂಬಿಗಳಲ್ಲಿ ಗಾತ್ರ ತುಂಬ ಹೆಚ್ಚುಕಡಿಮೆ ಆಗುತ್ತದೆ. ಹುಳುವಾಗಿದ್ದಾಗ ಒಳ್ಳೆಯ ಕೊಂಬೆ ಸಿಕ್ಕಿದ್ದು ದೊಡ್ಡದಾಗುತ್ತದೆ, ತೀರಾ ಒಣಗಿದ ಕಡ್ಡಿಯಲ್ಲಿ ಬೆಳೆದದ್ದು ಅದರ ಅರ್ಧಕ್ಕೆ ನಿಲ್ಲಬಹುದು. ಜಾತಿ ಒಂದೇ.

ಕಣ್ಣಿನ ಕೆಳಹಾಲೆಯ ಎತ್ತರ ಮತ್ತು ಅದರ ಕೆಳಗಿನ ಕೆನ್ನೆಯ ಎತ್ತರ ಎರಡನ್ನೂ ಅಳೆಯಿರಿ. ಕಣ್ಣು ಕೆನ್ನೆಯ ಎರಡು ಪಟ್ಟು ಎತ್ತರವೋ, ಎರಡೂ ಸಮವೋ, ಕೆನ್ನೆಯೇ ದೊಡ್ಡದೋ? ಬಣ್ಣ ಉದುರಿದ, ಕಾಲು ಮುರಿದ ಹಳೆಯ ಮಾದರಿಯಲ್ಲೂ ಈ ಗುಣ ಉಳಿದಿರುತ್ತದೆ. ಮೇಲಿನ ಹಾಲೆಗಳ ನಡುವಿನ ಅಂತರ, ಮೀಸೆ ದಿಬ್ಬಗಳ ನಡುವಿನ ತಗ್ಗು ಎಷ್ಟು ಆಳ ಅನ್ನುವುದೂ ಅಷ್ಟೇ ಗಟ್ಟಿ ಗುರುತು. ನನ್ನನ್ನು ಕೇಳಿದರೆ, ಲೇಮಿಯಿನೇ ದುಂಬಿಯ ತಲೆಗೆ ನೀವು ಹತ್ತು ಸಾಲು ಕೊಟ್ಟರೂ ಹೆಚ್ಚಲ್ಲ.

ಮೀಸೆಯಲ್ಲಿ ಸಾಮಾನ್ಯವಾಗಿ 11 ಖಂಡ. ಮೊದಲನೆಯದು ದಪ್ಪ, ಎರಡನೆಯದು ತೀರಾ ಗಿಡ್ಡ, ಮೂರನೆಯದರಿಂದ ಉದ್ದ. ಮೂರು ಮತ್ತು ನಾಲ್ಕರಲ್ಲಿ ಯಾವುದು ಉದ್ದ, ಮೊದಲನೆಯದಕ್ಕೆ ಹೋಲಿಸಿದರೆ ಎಷ್ಟು ಅಂತ ಬರೆಯಿರಿ. ಕೆಳಬದಿಯಲ್ಲಿ ಕೂದಲಿನ ಜಾಲರಿ ಇದೆಯಾ ನೋಡಿ. 'ಮೀಸೆ ತುಂಬ ಉದ್ದ' ಅಂತ ಬರೆದರೆ ಯಾರಿಗೂ ಏನೂ ತಿಳಿಯದು. 'ಗಂಡಿನಲ್ಲಿ ಎಂಟನೇ ಖಂಡದ ಮಧ್ಯ ಮೇಲ್ರೆಕ್ಕೆಯ ತುದಿಯನ್ನು ದಾಟುತ್ತದೆ, ಹೆಣ್ಣಿನಲ್ಲಿ ಹತ್ತನೆಯದರ ತುದಿ' ಅಂತ ಬರೆದರೆ ಬೇರೆಯವರು ತಮ್ಮ ದುಂಬಿಯ ಮೇಲೆ ಮೀಸೆ ಮಲಗಿಸಿ ನೋಡಿಕೊಳ್ಳಬಹುದು. ಗಂಡಿನ ಮೀಸೆ ಸಾಮಾನ್ಯವಾಗಿ ಹೆಣ್ಣಿನದಕ್ಕಿಂತ ಉದ್ದ. ಅದಕ್ಕೇ ಗಂಡು ಹೆಣ್ಣು ಬೇರ್ಪಡಿಸದೆ ಸರಾಸರಿ ತೆಗೆಯಬೇಡಿ.

ಪ್ರೊನೋಟಮ್‌ನಲ್ಲಿ ನೋಡಬೇಕಾದ್ದು ಪಕ್ಕದ ಮುಳ್ಳು ಅಥವಾ ಗುಬುಟು, ಅದು ಮಧ್ಯದಲ್ಲಿದೆಯೋ ಹಿಂದಿದೆಯೋ, ಮೇಲ್ಮೈಯ ಉಬ್ಬುಗಳು, ಚುಕ್ಕಿಗುಳಿಗಳು. ಗುಳಿಗಳ ಬಗ್ಗೆ ಬರೆಯುವಾಗ 'ಸಾಧಾರಣ' ಅನ್ನುವ ಮಾತು ಬೇಡ. ಗುಳಿ ಗುಳಿಗೂ ನಡುವೆ ಒಂದು ಗುಳಿಯಷ್ಟು ಜಾಗ ಇದೆಯೋ, ಒಂದಕ್ಕೊಂದು ತಾಗಿವೆಯೋ ಹೇಳಿ. ಮೇಲ್ರೆಕ್ಕೆಯಲ್ಲಿ ಬುಡದ ಗುಬುಟು, ಉದ್ದಗೆರೆಯ ಏಣು, ಗುಳಿಗಳು ಹಿಂದೆ ಹೋದಂತೆ ಸಣ್ಣದಾಗುತ್ತವೆಯೇ ಅನ್ನುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ತುದಿ: ಗುಂಡಗಿದೆಯೋ, ಕತ್ತರಿಸಿದ ಹಾಗಿದೆಯೋ, ಹೊರಮೂಲೆಯಲ್ಲಿ ಮುಳ್ಳಿದೆಯೋ. ಆಮೇಲೆ ಕೂದಲು. ಮಲಗಿದ ಕೂದಲು ಬೇರೆ, ನೆಟ್ಟಗೆ ನಿಂತ ಕೂದಲು ಬೇರೆ, ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಬರೆಯಿರಿ. ನಿಂತ ಕೂದಲು ಮೇಲಿಂದ ನೋಡಿದರೆ ಕಾಣುವುದಿಲ್ಲ, ಪಕ್ಕದಿಂದ ನೋಡಬೇಕು. ನೇರ ಬೆಳಕು ಬಿದ್ದರೆ ಕವಚ ಮಿರುಗಿ ಅರ್ಧ ವಿವರ ಮಾಯವಾಗುತ್ತದೆ. ದುಂಬಿಯ ಸುತ್ತ ಟಿಶ್ಯೂ ಕಾಗದದ ಬಳೆ ಮಾಡಿ ನಿಲ್ಲಿಸಿ, ಬೆಳಕು ಅದರ ಮೂಲಕ ಬರಲಿ.

ತಿರುಗಿಸಿ ಕೆಳಗಿನಿಂದಲೂ ನೋಡಿ ಅಂತ ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಸಾಕಾಗಿದೆ. ಅಂಟಿನ ಕಾರ್ಡಿನ ಮೇಲೆ ಬೋರಲು ಅಂಟಿಸಿಬಿಟ್ಟರೆ ಕೆಳಭಾಗ ಯಾರಿಗೂ ಕಾಣದು. ಮುಂಗಾಲು ಕೂರುವ ಕುಳಿ ಹಿಂದಕ್ಕೆ ಮುಚ್ಚಿದೆಯೋ ತೆರೆದಿದೆಯೋ, ನಡುಗಾಲಿನ ಕುಳಿ ಪಕ್ಕದ ಫಲಕಕ್ಕೆ ತೆರೆದುಕೊಂಡಿದೆಯೋ ಅನ್ನುವುದು ಕುಲವನ್ನೂ ಕುಲಗಳ ಗುಂಪಾದ ಬುಡಕಟ್ಟನ್ನೂ ತೀರ್ಮಾನಿಸುವ ಗುಣ. ಉಗುರುಗಳನ್ನೂ ಬಿಡಬೇಡಿ. ಎರಡು ಉಗುರು ಒಂದಕ್ಕೊಂದು ಎದುರು ದಿಕ್ಕಿಗೆ ಪೂರ್ತಿ ಚಾಚಿವೆಯೋ, ಸ್ವಲ್ಪ ಮಾತ್ರ ಅಗಲಿವೆಯೋ, ಬುಡದಲ್ಲಿ ಹಲ್ಲು ಇದೆಯೋ. ಲೇಮಿಯಿನೇಯಲ್ಲಿ ಉಗುರು ನೋಡದೆ ಮುಂದೆ ಹೋಗುವ ಹಾಗಿಲ್ಲ. ಹೊಟ್ಟೆಯ ಕೊನೆಯ ಖಂಡದ ಆಕಾರ ಗಂಡಿಗೂ ಹೆಣ್ಣಿಗೂ ಬೇರೆ. ಕೆಲವು ಗುಂಪುಗಳಲ್ಲಿ ಹೆಣ್ಣಿಗೆ ಅದರ ಮೇಲೆ ನಡುವೆ ಒಂದು ಗೆರೆ ಇರುತ್ತದೆ.

ಹೊರಗಿನದೆಲ್ಲ ನೋಡಿಯೂ ಎರಡು ಜಾತಿ ಒಂದೇ ರೀತಿ ಕಂಡರೆ ಗಂಡಿನ ಜನನಾಂಗ ತೀರ್ಪು ಕೊಡುತ್ತದೆ. ಇದನ್ನು ಮಾಡಲು ಹೆದರಬೇಡಿ. ದುಂಬಿ ಗಟ್ಟಿಯಾಗಿದ್ದರೆ ಬಿಸಿನೀರಿನಲ್ಲಿ ಹಾಕಿ ಮೆತ್ತಗಾಗಲು ಬಿಡಿ. ಮೇಲ್ರೆಕ್ಕೆ ಮುಟ್ಟದೆ, ಹೊಟ್ಟೆಯ ತುದಿಯಿಂದ ಸಣ್ಣ ಕೊಕ್ಕೆ ಸೂಜಿಯಲ್ಲಿ ಒಳಗಿನ ಭಾಗವನ್ನು ನಿಧಾನಕ್ಕೆ ಹೊರಗೆಳೆಯಿರಿ. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟರೆ ಮಾಂಸ ಕರಗಿ ಗಟ್ಟಿ ಭಾಗ ಉಳಿಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಕೆಲವು ನಿಮಿಷ, ತಣ್ಣಗೆ ಬಿಟ್ಟರೆ ರಾತ್ರಿಯೆಲ್ಲ. ನಡುನಡುವೆ ನೋಡುತ್ತಿರಿ, ಜಾಸ್ತಿ ಹೊತ್ತು ಬಿಟ್ಟರೆ ಪಾರದರ್ಶಕವಾಗಿ ಏನೂ ಕಾಣದ ಹಾಗಾಗುತ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು ಗ್ಲಿಸರಿನ್ ಹನಿಯಲ್ಲಿಟ್ಟು ನೋಡಿ. ನಡುವಿನ ಕೊಳವೆ ಎಷ್ಟು ಬಾಗಿದೆ, ಅದರ ತುದಿ ಚೂಪೋ ಮೊಂಡೋ. ಅದನ್ನು ಸುತ್ತಿರುವ ಟೆಗ್ಮೆನ್, ಅದರ ಎರಡು ಪಕ್ಕದ ಹಾಲೆಗಳು, ಅವುಗಳ ತುದಿಯ ಕೂದಲು. ಕೊಳವೆಯೊಳಗೆ ಒಂದು ಮೆತ್ತನೆಯ ಚೀಲ ಇದೆ. ಅದರೊಳಗಿನ ಗಟ್ಟಿ ತುಣುಕುಗಳ ಆಕಾರದಲ್ಲೇ ಎಷ್ಟೋ ಸಲ ಜಾತಿಯ ಗುಟ್ಟು ಇರುತ್ತದೆ. ಹೆಣ್ಣಿನಲ್ಲಿ ವೀರ್ಯ ಕೂಡಿಡುವ ಸ್ಪರ್ಮಥೀಕಾ ಗಟ್ಟಿಯಾಗಿ ಬಾಗಿರುತ್ತದೆ, ಅದರ ಚಿತ್ರವನ್ನೂ ಬರೆಯಿರಿ. ನೋಡಿ ಮುಗಿದ ಮೇಲೆ ಎಲ್ಲವನ್ನೂ ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಗೆ ಹಾಕಿ ಅದೇ ದುಂಬಿಯ ಪಿನ್ನಿಗೆ ಚುಚ್ಚಬೇಕು. ಬೇರೆ ಡಬ್ಬಿಯಲ್ಲಿಟ್ಟರೆ ಯಾವುದು ಯಾರದ್ದು ಅಂತ ಆರು ತಿಂಗಳಿಗೆ ಮರೆತುಹೋಗುತ್ತದೆ.

ಡಿಎನ್‌ಎ ಮಾಡಿಸಬೇಕು ಅಂತ ಇದ್ದರೆ ಈ ದ್ರಾವಣಕ್ಕೆ ಹಾಕುವ ಮುಂಚೆಯೇ ಒಂದು ನಡುಗಾಲು ತೆಗೆದು ಶುದ್ಧ ಆಲ್ಕೊಹಾಲಿನಲ್ಲಿ ಇಡಿ. ಬಾರ್‌ಕೋಡ್ ಅಂತ ಕರೆಯುವ ಜಾತಿ ಗುರುತಿಸಲು ಬಳಸುವ 658 ಅಕ್ಷರಗಳ ಡಿಎನ್‌ಎ ತುಣುಕಿಗೆ ಒಂದು ಕಾಲು ಸಾಕು. ಇಡೀ ದುಂಬಿಯನ್ನು ಆಲ್ಕೊಹಾಲಿನಲ್ಲಿ ಮುಳುಗಿಸಿದರೆ ಕೂದಲು ಅಂಟಿಕೊಂಡು ಮೈಯೆಲ್ಲ ಕೊಳಕಾಗುತ್ತದೆ. ಹೋಲಿಸಲು ನೆಂಟರ ಡಿಎನ್‌ಎ ಇಲ್ಲದಿದ್ದರೆ ಸಿಕ್ಕ ಅಕ್ಷರಗಳಿಂದ ತಕ್ಷಣಕ್ಕೆ ದೊಡ್ಡ ಪ್ರಯೋಜನವೂ ಇಲ್ಲ.

ಒಂದು ವಿಷಯ ನಿಮ್ಮ ಪ್ರಶ್ನೆಯಲ್ಲಿ ಬಿಟ್ಟುಹೋಗಿದೆ. ಯಾವ ಜಾಲಿ? ಕರಿಜಾಲಿಯೋ, ಬಿಳಿಜಾಲಿಯೋ, ಬಳ್ಳಾರಿ ಜಾಲಿಯೋ? ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಅದರಲ್ಲಿ ಬೆಳೆದ ದುಂಬಿ ಅಂದರೆ ನಮ್ಮ ದುಂಬಿಯೇ ಹೊಸ ಮರಕ್ಕೆ ಒಗ್ಗಿಕೊಂಡಿರಬಹುದು, ಅಥವಾ ಹೊರಗಿನಿಂದ ಬಂದದ್ದೂ ಇರಬಹುದು. ಎರಡನ್ನೂ ಪರಿಶೀಲಿಸಬೇಕು. ಆಸರೆ ಮರ ಗೊತ್ತಿರುವುದು ದೊಡ್ಡ ಆಸ್ತಿ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರನ್ನು ಕೇಳಿ, ಬಳ್ಳಿಯ ಸುತ್ತ ಉಂಗುರದ ಹಾಗೆ ಕಚ್ಚಿ ಒಣಗಿಸುವ ದುಂಬಿಯನ್ನು ಕೆಲಸ ನೋಡಿಯೇ ಗುರುತಿಸುತ್ತಾರೆ. ಸ್ಥೀನಿಯಾಸ್ ಗ್ರಿಸೇಟರ್ ಅದು. ಹಿಪ್ಪುನೇರಳೆಯನ್ನೂ ಬಿಡುವುದಿಲ್ಲ, ಶಿಡ್ಲಘಟ್ಟದವರಿಗೂ ಅದರ ಪರಿಚಯ ಇರುತ್ತದೆ. ಹಾಗೇ ನಿಮ್ಮ ಕೊಂಬೆಯಲ್ಲಿ ಹುಳು ತೊಗಟೆಯ ಕೆಳಗೆ ಓಡಿದೆಯೋ, ತಿರುಳಿಗೆ ಇಳಿದಿದೆಯೋ, ಹೊರಬಂದ ರಂಧ್ರ ಗುಂಡಗಿದೆಯೋ ಮೊಟ್ಟೆಯಾಕಾರವೋ ಎಲ್ಲ ಬರೆದಿಡಿ.

ಮತ್ತು ಉಳಿದ ಸೌದೆಯನ್ನು ಒಲೆಗೆ ಹಾಕಬೇಡಿ ಅಂತ ಇವತ್ತೇ ಮನೆಯಲ್ಲಿ ಹೇಳಿ. ಅಮ್ಮ ಬೈದರೆ ಬೈಸಿಕೊಳ್ಳಿ. ಆ ಕೊಂಬೆಗಳನ್ನು ಒಂದು ಡ್ರಮ್ಮಿಗೆ ತುಂಬಿ, ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ ನೆರಳಿನಲ್ಲಿ ಇಡಿ. ಐದು ದುಂಬಿಯಲ್ಲಿ ನಾಲ್ಕು ಹೆಣ್ಣು ಒಂದು ಗಂಡು ಇದ್ದರೆ ಏನು ಮಾಡುತ್ತೀರಿ? ಒಂದೇ ಮಾದರಿ ಇಟ್ಟುಕೊಂಡು ಹೊಸ ಜಾತಿ ಹೆಸರಿಸಲು ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಜಾತಿಯೊಳಗೆ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಗೊತ್ತಿಲ್ಲದೆ ಬರೆದ ವರ್ಣನೆಯನ್ನು ನಾನಾಗಿದ್ದರೆ ಒಪ್ಪುವುದಿಲ್ಲ.

ಹೋಲಿಕೆಯ ಘಟ್ಟದಲ್ಲಿ ಹಳೆಯ ಮೂಲ ಮಾದರಿಗಳು, ಅಂದರೆ ಮೊದಲು ಹೆಸರಿಟ್ಟಾಗ ಆಧಾರವಾಗಿದ್ದ ದುಂಬಿಗಳೇ, ಬೇಕಾಗುತ್ತವೆ. ನಮ್ಮ ದೇಶದ ಎಷ್ಟೋ ದುಂಬಿಗಳ ಮೂಲ ಮಾದರಿಗಳು ಲಂಡನ್, ಪ್ಯಾರಿಸ್ ಮ್ಯೂಸಿಯಂಗಳಲ್ಲಿವೆ. ಹದಿನೆಂಟನೇ ಶತಮಾನದಲ್ಲಿ ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಹೆಸರಿಟ್ಟ ದಕ್ಷಿಣ ಭಾರತದ ಅನೇಕ ಕೀಟಗಳು ಡೇನಿಷ್ ವಸಾಹತಾಗಿದ್ದ ತಮಿಳುನಾಡಿನ ತರಂಗಂಬಾಡಿಯಿಂದ ಹೋದವು. ಕೀಟಗಳಿಗೆ ತರಂಗಂಬಾಡಿ, ಮಧುಗಿರಿ ಅಂತ ಗಡಿ ಇಲ್ಲ, ಆದ್ದರಿಂದ ಆ ಹಳೆಯ ಹೆಸರುಗಳನ್ನೂ ದಾಟಿಯೇ ಬರಬೇಕು. ಈಗ ಅನೇಕ ಮಾದರಿಗಳ ಫೋಟೋ ಅಂತರ್ಜಾಲದಲ್ಲಿ ಸಿಗುತ್ತವೆ, ಉಳಿದದ್ದಕ್ಕೆ ಕ್ಯುರೇಟರ್‌ಗೆ ಮೇಲ್ ಬರೆಯಬೇಕು. ಕುಲದ ಎಲ್ಲ ಭಾರತೀಯ ಜಾತಿಗಳನ್ನೂ ಸೇರಿಸಿ ಒಂದು ಕೀಲಿ, ಅಂದರೆ ಗುಣಗಳನ್ನು ಒಂದೊಂದಾಗಿ ನೋಡುತ್ತಾ ಜಾತಿ ಗುರುತಿಸುವ ಪಟ್ಟಿ, ತಯಾರಿಸಲು ಪ್ರಯತ್ನಿಸಿ. ಕೀಲಿ ಬರೆಯಲು ಬಾರದಿದ್ದರೆ ನಿಮ್ಮ ಜಾತಿ ಬೇರೆ ಅನ್ನಲು ನಿಮ್ಮ ಹತ್ತಿರ ಇನ್ನೂ ಕಾರಣವಿಲ್ಲ ಅಂತ ಅರ್ಥ.

ನಿಯಮದ ಕಡೆ ಹೇಳಬೇಕಾದ್ದು ಸ್ವಲ್ಪವೇ. ಪ್ರಾಣಿಗಳ ಹೆಸರಿನ ಲೆಕ್ಕ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನಿಂದ, 1758ರಿಂದ ಶುರು. ಈಗಿನ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಒಂದು ದುಂಬಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮಾದರಿ, ಅಂತ ಸ್ಪಷ್ಟವಾಗಿ ಗುರುತಿಸಬೇಕು, ಅದು ಯಾವ ಸಂಗ್ರಹದಲ್ಲಿ ಇರುತ್ತದೆ ಅಂತ ಬರೆಯಬೇಕು. ವರ್ಣನೆಗೆ ಬಳಸಿದ ಉಳಿದವು ಪ್ಯಾರಾಟೈಪ್. ಪತ್ರಿಕೆ ಅಂತರ್ಜಾಲದಲ್ಲಿ ಮಾತ್ರ ಬರುವುದಾದರೆ ಪ್ರಾಣಿಗಳ ಹೆಸರು ದಾಖಲಿಸುವ ಝೂಬ್ಯಾಂಕ್‌ನಲ್ಲಿ ನೋಂದಣಿ ಬೇಕು. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಜಾತಿ ಸಿಕ್ಕರೆ ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಬೇಕು. ನಿಮಗೆ ಹತ್ತಿರ ಇರುವುದು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯವೂ ಇದೆ. ನಿಮ್ಮ ದುಂಬಿ ನಿಮ್ಮ ಹೊಲದ್ದು, ತೊಂದರೆಯಿಲ್ಲ. ಆದರೆ ಇದೇ ಉತ್ಸಾಹದಲ್ಲಿ ದೇವರಾಯನದುರ್ಗದ ಕಾಡಿಗೆ ನುಗ್ಗಿ ಹಿಡಿಯಬೇಡಿ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಲೇಖನ ಅಚ್ಚಾಗುವವರೆಗೆ ಹೊಸ ಹೆಸರನ್ನು ಪತ್ರಿಕೆಯವರಿಗೂ ವಾಟ್ಸ್‌ಆ್ಯಪ್ ಗುಂಪಿಗೂ ಕೊಡಬೇಡಿ. ಊರಿನ ಹೆಸರಿಡಬಹುದು, ಗುರುಗಳ ಹೆಸರಿಡಬಹುದು. ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ನಮ್ಮವರಲ್ಲಿ ರೂಢಿಯಿಲ್ಲ.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು. 11 ಮಿ.ಮೀ. ದುಂಬಿಗೆ ತೆಳು ಪಿನ್ ಸಾಕು, ಬಲ ಮೇಲ್ರೆಕ್ಕೆಯ ಬುಡದ ಹತ್ತಿರ ಚುಚ್ಚಿ, ಮೊನೆ ನಡುಗಾಲು ಹಿಂಗಾಲುಗಳ ನಡುವೆ ಹೊರಬರಲಿ. ಲೇಬಲ್ಲಿನಲ್ಲಿ ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ಎತ್ತರ, ಮರದ ಹೆಸರು, ಕೊಂಬೆ ಕಡಿದ ದಿನ ಮತ್ತು ದುಂಬಿ ಹೊರಬಂದ ದಿನ ಎರಡೂ ಇರಲಿ. ನನಗೆ ನಾಲ್ಕು ಫೋಟೋ ಕಳಿಸಿ: ಎದುರಿನಿಂದ ಮುಖ, ಪಕ್ಕದಿಂದ ಇಡೀ ದೇಹ, ಕೆಳಭಾಗ, ಮತ್ತು ಹತ್ತಿರದಿಂದ ಒಂದು ಪಾದ ಉಗುರು ಸಮೇತ. ಮೇಲಿನಿಂದ ತೆಗೆದದ್ದು ನಿಮ್ಮ ಹತ್ತಿರವೇ ಇರಲಿ. ಆಮೇಲೆ ಬೆಂಗಳೂರಿಗೆ ಬರುವಾಗ ಪೆಟ್ಟಿಗೆಯನ್ನು ಕೊರಿಯರ್ ಮಾಡಬೇಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬನ್ನಿ. ದಾರಿಯಲ್ಲಿ ಮೀಸೆ ಮುರಿದರೆ ತುಂಡನ್ನು ಎಸೆಯಬೇಡಿ. ಔಷಧದ ಖಾಲಿ ಕ್ಯಾಪ್ಸೂಲಿಗೆ ಹಾಕಿ ಅದೇ ಪಿನ್ನಿಗೆ ಚುಚ್ಚಿಕೊಂಡು ತನ್ನಿ, ಅಳೆಯಲು ಬೇಕಾಗುತ್ತದೆ.